ಗೋಡೆಯಿಂದ ನೆಲಕ್ಕೆ ಬಂದ ಕತೆ, ಜೊತೆಗೆ ಒಂದಿಷ್ಟು ಥ್ಯಾಂಕ್ಸ್

ಕಳೆದ ಭಾನುವಾರ ಬೆಳಗ್ಗೆ ನೆಲದ ಮೇಲೆ ಒಂದು ಪುಷ್‌ಅಪ್ ಮಾಡಿದೆ. ಮಂಡಿ ಊರದೆ, ಎದೆಯನ್ನು ನೆಲದ ಹತ್ತಿರಕ್ಕೆ ಇಳಿಸಿ, ಮತ್ತೆ ಮೇಲಕ್ಕೆ. ಒಂದೇ ಒಂದು. ಎರಡನೆಯದಕ್ಕೆ ಇಳಿದವಳು ಅರ್ಧ ಎದ್ದು, ನಡುಗಿ, ಚಾಪೆ ಮೇಲೆ ಬೋರಲು ಬಿದ್ದು ನಗೋಕೆ ಶುರುಮಾಡಿದೆ. ನನಗೀಗ 47. ಆ ಒಂದಕ್ಕೆ 14 ತಿಂಗಳು ಹಿಡಿಯಿತು. ಒಬ್ಬಳೇ ಮಾಡಿದೆ ಅಂತ ಹೇಳಿಕೊಂಡರೆ ಸುಳ್ಳಾಗುತ್ತೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಥ್ಯಾಂಕ್ಸ್ ನಾಲ್ಕು ವರ್ಷದ ಒಬ್ಬ ಹುಡುಗನಿಗೆ. ನೆಂಟರ ಮಗು. ಅವನ ಜೊತೆ ನೆಲದ ಮೇಲೆ ಕೂತು ಆಟದ ರೈಲು ಜೋಡಿಸುತ್ತಿದ್ದೆ. ಯಾರೋ ಕರೆದರು, ಏಳಬೇಕಾಯಿತು. ಹಿಡಿದುಕೊಳ್ಳೋಕೆ ಹತ್ತಿರದಲ್ಲಿ ಏನೂ ಇರಲಿಲ್ಲ. ಪಕ್ಕಕ್ಕೆ ವಾಲಿ, ಕೈ ಊರಿ, ಅಂಬೆಗಾಲಿಟ್ಟು ಸೋಫಾವರೆಗೆ ಹೋಗಿ ಅದನ್ನು ಹಿಡಿದು ಎದ್ದೆ. ಅವನು ಎಲ್ಲ ನೋಡಿ, "ನಿಂಗೆ ಏಳೋಕೆ ಬರಲ್ವಾ?" ಅಂತ ಕೇಳಿದ. ಸೈಕಲ್ ಓಡಿಸೋಕೆ ಬರಲ್ವಾ ಅನ್ನೋ ಹಾಗೆ. ಗೇಲಿ ಏನೂ ಇರಲಿಲ್ಲ. ನಾನು ಇದನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಕೊಂಡು ಕೂತಿದ್ದೆ. ಅವನು ಇನ್ನೂ ಕಲಿತಿಲ್ಲ ಅಂದುಕೊಂಡಿದ್ದ.

ಎರಡನೆಯವರು ಫಿಸಿಯೋಥೆರಪಿಸ್ಟ್. ಮಂಡಿನೋವಿಗೆ ಅವರ ಹತ್ತಿರ ಹೋಗಿದ್ದೆ. ರೆಸ್ಟ್ ತಗೊಳ್ಳಿ ಅನ್ನುತ್ತಾರೆ ಅಂತಲೇ ನನ್ನ ಆಸೆ. ಅವರು ಒಂದು ಕುರ್ಚಿ ಎಳೆದು ಗೋಡೆಗೆ ಒತ್ತಿ ಇಟ್ಟರು. ಕೈಗಳನ್ನು ಎದೆ ಮೇಲೆ ಅಡ್ಡ ಕಟ್ಟಿಕೊಂಡು 30 ಸೆಕೆಂಡಲ್ಲಿ ಎಷ್ಟು ಸಲ ಎದ್ದು ಕೂರ್ತೀರೋ ನೋಡೋಣ ಅಂದರು. 9 ಬಂತು. ಅಷ್ಟಕ್ಕೇ ಏದುಸಿರು. ಆಮೇಲೆ ಗೊತ್ತಾಯಿತು, ಇದು ವಯಸ್ಸಾದವರಿಗೆ ಮಾಡಿಸುವ ಪರೀಕ್ಷೆ. 60ರಿಂದ 64ರ ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೇ ಅದು ಕಡಿಮೆ ಅಂತ ಲೆಕ್ಕ. ನನಗಾಗ 46! ಮುಖ ಸಣ್ಣಗಾಗಿದ್ದು ಕಂಡಿರಬೇಕು, ಆ 9ನ್ನು ಚೀಟಿಯಲ್ಲಿ ಬರೆದು ಕೈಗಿಟ್ಟು, "ಇದನ್ನ ಮಾರ್ಕ್ಸ್ ಅಂದ್ಕೋಬೇಡಿ, ಇವತ್ತಿನ ತಾರೀಕು ಅಂದ್ಕೊಳ್ಳಿ" ಅಂದರು.

ನೋವಿರುವ ಮಂಡಿಗೆ ಕೆಲಸ ಕೊಡೋದಾ ಅಂತ ವಾದ ಮಾಡಿದೆ. ಅದಕ್ಕೆ ಅವರು ಥಾಮಸ್ ಡಿಲಾರ್ಮ್ ಅನ್ನೋ ಅಮೆರಿಕದ ಸೇನಾ ವೈದ್ಯರ ಕತೆ ಹೇಳಿದರು. ಹುಡುಗನಾಗಿದ್ದಾಗ ಕಾಯಿಲೆಯಿಂದ ಹಾಸಿಗೆ ಹಿಡಿದು, ಭಾರ ಎತ್ತಿಯೇ ಮೈಗೆ ಬಲ ತಂದುಕೊಂಡವರಂತೆ ಅವರು. ಎರಡನೇ ಮಹಾಯುದ್ಧದ ಹೊತ್ತಿಗೆ ಮಂಡಿಗೆ ಪೆಟ್ಟಾದ ಸೈನಿಕರಿಗೂ ಅದನ್ನೇ ಮಾಡಿಸಿದರಂತೆ, ಭಾರವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾ. 1945ರಲ್ಲಿ ಅದರ ಬಗ್ಗೆ ಬರೆದರಂತೆ. ನಾನು ಸೈನಿಕಳಲ್ಲ ಅಂದೆ. "ಕುರ್ಚಿಯಿಂದ ಏಳೋಕೆ ಸೈನಿಕಳಾಗಬೇಕಾಗಿಲ್ಲ" ಅಂದರು. ವಾದ ಅಲ್ಲಿಗೆ ಮುಗಿಯಿತು.

ಇಲ್ಲಿ ಒಂದು ಹಳೇ ಕತೆ ಹೇಳಿಬಿಡಬೇಕು. ಇದಕ್ಕೆ ಮೂರು ವರ್ಷ ಮುಂಚೆ ಒಂದು ಜಿಮ್‌ಗೆ ಸೇರಿದ್ದೆ. ಮೊದಲ ದಿನವೇ ನೂರು ಸ್ಕ್ವಾಟ್ ಮಾಡಿಸಿದರು. ಮರುದಿನಕ್ಕಿಂತ ಅದರ ಮರುದಿನ ಜಾಸ್ತಿ ನೋವು. ನಾಲ್ಕು ದಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಇಂಥ ನೋವು ಒಂದರಿಂದ ಮೂರು ದಿನದೊಳಗೆ ಜೋರಾಗಿ ತಾನಾಗೇ ಇಳಿಯುತ್ತೆ, ಅದೇ ಕೆಲಸವನ್ನು ಸ್ವಲ್ಪ ದಿನ ಬಿಟ್ಟು ಮಾಡಿದರೆ ಅಷ್ಟು ನೋಯಲ್ಲ ಅಂತ ಯಾರಾದರೂ ಹೇಳಿದ್ದರೆ ಬಹುಶಃ ಹೋಗುತ್ತಿದ್ದೆ. ಮೈಯಲ್ಲಿ ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ ಅಂತ ಹೆದರಿಸಿದವರು ಮಾತ್ರ ಸಿಕ್ಕರು. ಅದು ಒಂದೆರಡು ಗಂಟೆಯೊಳಗೇ ಕರಗಿಹೋಗಿರುತ್ತೆ. ನೋವು ಬರೋದು ಅಭ್ಯಾಸವಿಲ್ಲದ ಸ್ನಾಯುವಿಗೆ ಆದ ಸಣ್ಣಸಣ್ಣ ಪೆಟ್ಟಿನಿಂದ.

ಹಾಗಾಗಿ ದೊಡ್ಡ ಥ್ಯಾಂಕ್ಸ್ ಈಗಿನ ನನ್ನ ಟ್ರೇನರ್‌ಗೆ. ಆಕೆ ಮೊದಲ ದಿನ ನನ್ನನ್ನು ಗೋಡೆ ಮುಂದೆ ನಿಲ್ಲಿಸಿದಳು. ಒಂದು ಹೆಜ್ಜೆ ಹಿಂದೆ ನಿಂತು, ಗೋಡೆಗೆ ಅಂಗೈ ಊರಿ, ಮೊಣಕೈ ಮಡಚಿ ಎದೆಯನ್ನು ಗೋಡೆ ಹತ್ತಿರ ತಂದು ವಾಪಸ್ ತಳ್ಳೋದು. ಆರು ಸಲ. "ಅಷ್ಟೇನಾ?" ಅಂದೆ. "ಅಷ್ಟೇ. ಮತ್ತೆ ಬರಬೇಕು ಅನ್ನಿಸೋ ಅಷ್ಟು ಮಾತ್ರ" ಅಂದಳು. ನನಗೆ ನಿಜ ಹೇಳಬೇಕೆಂದರೆ ಅವಮಾನ ಆಗಿತ್ತು. ಪಕ್ಕದಲ್ಲಿ ಯಾರೋ ಎರಡೂ ಕಡೆ ತಟ್ಟೆ ಹಾಕಿ ಭಾರ ಎತ್ತುತ್ತಿದ್ದಾರೆ, ನಾನು ಗೋಡೆ ತಳ್ಳುತ್ತಿದ್ದೇನೆ!

ಆದರೆ ಆ ಗೋಡೆಗೆ ಒಂದು ಲೆಕ್ಕವಿತ್ತು. ನೆಲದ ಮೇಲೆ ಪುಷ್‌ಅಪ್ ಮಾಡುವಾಗ ಕೈಗಳ ಮೇಲೆ ಬೀಳೋದು ಮೈತೂಕದ ಸುಮಾರು ಮೂರನೇ ಎರಡು ಭಾಗ. ನನ್ನ ತೂಕ 64 ಕಿಲೋ, ಅಂದರೆ 40 ಕಿಲೋ ದಾಟುತ್ತೆ. ಕೈಗಳನ್ನು 60 ಸೆಂಟಿಮೀಟರ್ ಎತ್ತರದ ಬೆಂಚಿನ ಮೇಲಿಟ್ಟರೆ ಅದು 26 ಕಿಲೋ ಹತ್ತಿರಕ್ಕೆ ಇಳಿಯುತ್ತೆ. ಗೋಡೆಗೆ ಬಂದರೆ ಇನ್ನೂ ಕಡಿಮೆ. ಕೈ ಕೆಳಗೆ ಬಂದ ಹಾಗೆಲ್ಲ ಭಾರ ಏರುತ್ತೆ. ಗೋಡೆ, ಆಮೇಲೆ ಅಡುಗೆಮನೆ ಕಟ್ಟೆ, ಮೇಜು, ಮಂಚದ ಅಂಚು, ಕೊನೆಗೆ ಒಂದು ಗಿಡ್ಡ ಸ್ಟೂಲು. ನನ್ನ 14 ತಿಂಗಳನ್ನು ಮನೆಯ ಸಾಮಾನುಗಳಲ್ಲೇ ಅಳೆದು ತೋರಿಸಬಹುದು.

ಐದನೇ ವಾರಕ್ಕೆ ಗೋಡೆಯ ಹತ್ತಿರ ಆರು ಇದ್ದದ್ದು ಹದಿನಾಲ್ಕಾಯಿತು. ಖುಷಿಯಲ್ಲಿ ಟೇಪ್ ತಂದು ತೋಳು ಅಳೆದೆ. ಒಂದು ಎಳೆಯೂ ಹೆಚ್ಚಿರಲಿಲ್ಲ. ಟ್ರೇನರ್ ನಕ್ಕಳು. ಮೊದಮೊದಲು ಬಲ ಬರೋದು ಹೆಚ್ಚಾಗಿ ನರಗಳು ಕಲಿಯೋದರಿಂದ, ಇರೋ ಸ್ನಾಯುವನ್ನೇ ಒಟ್ಟಿಗೆ ಎಬ್ಬಿಸೋದನ್ನ ಅವು ಕಲಿಯುತ್ತವೆ, ಸ್ನಾಯು ದಪ್ಪ ಆಗೋದು ನಿಧಾನ ಅಂದಳು. ಟೇಪನ್ನು ಹೊಲಿಗೆ ಡಬ್ಬಿಗೆ ವಾಪಸ್ ಹಾಕಿದೆ. ಸ್ಟೂಲಿನ ಹತ್ತಿರ ಎರಡು ತಿಂಗಳು ಸಿಕ್ಕಿಹಾಕಿಕೊಂಡಾಗಲೂ ಉಪಾಯ ಅವಳದ್ದೇ. ಏಳೋದನ್ನ ಬಿಟ್ಟುಬಿಡಿ, ನೆಲದ ಮೇಲೆ ಐದು ಎಣಿಸುತ್ತಾ ಬರೀ ಇಳಿಯಿರಿ ಅಂದಳು. ಎತ್ತೋಕೆ ಆಗದ ಭಾರವನ್ನೂ ಸ್ನಾಯು ನಿಧಾನಕ್ಕೆ ಇಳಿಸಬಲ್ಲದು. ಮಹಾ ಬೋರಾಗಿತ್ತು, ಆದರೆ ಅದೇ ಕೆಲಸ ಮಾಡಿತು.

ಈಗಿನ ಜಿಮ್‌ಗೆ ಬರುವ 71 ವರ್ಷದ ಹಿರಿಯರೊಬ್ಬರಿಗೂ ಋಣಿ. ನಾನು ಮೂರು ವಾರ ಮೂಲೆಯಲ್ಲೇ, ಕನ್ನಡಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದೆ. ಒಂದು ದಿನ ಆಕೆ 20 ಕಿಲೋ ರಾಡನ್ನು ಕೆಳಗಿಟ್ಟು ಹತ್ತಿರ ಬಂದು, "ಇಲ್ಲಿ ಯಾರೂ ನಿನ್ನ ನೋಡ್ತಿಲ್ಲ ಕಣೇ, ಎಲ್ರೂ ಅವರವರ ಹೊಟ್ಟೆ ನೋಡ್ಕೊಳ್ತಿದಾರೆ" ಅಂದರು. ಅವತ್ತಿನಿಂದ ನಾನೂ ನನ್ನ ಹೊಟ್ಟೆ ನೋಡಿಕೊಳ್ಳುತ್ತಾ ನೆಮ್ಮದಿಯಾಗಿದ್ದೇನೆ.

ಏಳನೇ ತಿಂಗಳಲ್ಲಿ ಜ್ವರ ಬಂದು ಐದು ವಾರ ಎಲ್ಲ ನಿಂತಿತು. ಮಾಡಿದ್ದೆಲ್ಲ ನೀರಲ್ಲಿ ಹೋಮ ಅಂತ ಅತ್ತುಬಿಟ್ಟೆ. ಮೇಜಿನಿಂದ ಮತ್ತೆ ಕಟ್ಟೆಗೆ ಬಂದೆ. ಮೂರೇ ವಾರಕ್ಕೆ ಮೇಜು ವಾಪಸ್ ಸಿಕ್ಕಿತು. ಒಮ್ಮೆ ಗಳಿಸಿದ ಬಲ ಹೋದರೂ ಎರಡನೇ ಸಲ ಬೇಗ ಬರುತ್ತಂತೆ. ಆ ಐದು ವಾರದಲ್ಲಿ "ಹೋಗ್ಲಿ ಬಿಡು" ಅಂತ ಒಂದು ಸಲವೂ ಹೇಳದ ಗಂಡನಿಗೆ ಥ್ಯಾಂಕ್ಸ್. "ಯಾವಾಗ ಶುರು ಮಾಡ್ತೀಯ" ಅಂತಲೂ ಕೇಳಲಿಲ್ಲ. ಅದಕ್ಕೆ ಇನ್ನೊಂದು ಥ್ಯಾಂಕ್ಸ್.

ಧೈರ್ಯ ಬಂದಮೇಲೆ ವ್ಯಾಯಾಮ ಶುರುಮಾಡೋಣ ಅಂತ ಎಷ್ಟೋ ವರ್ಷ ಕಾದಿದ್ದೆ. ಅದು ಹಾಗೆ ಬರಲಿಲ್ಲ. ಹೋದ ತಿಂಗಳು ರೈಲಿನಲ್ಲಿ ಸೂಟ್‌ಕೇಸನ್ನು ಮೇಲಿನ ಬರ್ತಿಗೆ ಎತ್ತಿಟ್ಟು ಕೂತೆ. ಎರಡು ಸ್ಟೇಷನ್ ಕಳೆದ ಮೇಲೆ ಹೊಳೆಯಿತು: ಎತ್ತಿಕೊಡೋಕೆ ಯಾರಾದರೂ ಇದ್ದಾರಾ ಅಂತ ನಾನು ಅತ್ತಿತ್ತ ನೋಡೇ ಇರಲಿಲ್ಲ.

ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ನಾನು ಮೂರು ದಿನ, ಮುಕ್ಕಾಲು ಗಂಟೆಯೊಳಗೆ ಮುಗಿಸುತ್ತೇನೆ. ಕುರ್ಚಿ ಪರೀಕ್ಷೆಯಲ್ಲಿ ಈಗ 17. ಆ 9ರ ಚೀಟಿ ಇನ್ನೂ ಪರ್ಸ್‌ನಲ್ಲೇ ಇದೆ.

ಕೊನೆಗೆ ಮಗಳು. ಶುರುವಿನಿಂದ ಎಣಿಸಿದವಳು ಅವಳೇ. ಬಲು ಕಟ್ಟುನಿಟ್ಟು. ಸೊಂಟ ಜೋತುಬಿದ್ದರೆ ಲೆಕ್ಕಕ್ಕಿಲ್ಲ, ಪೂರ್ತಿ ಇಳಿಯದಿದ್ದರೆ ಅರ್ಧ. ಇದಕ್ಕೇ ಅಂತ ಒಂದು ನೋಟ್‌ಬುಕ್ ಇಟ್ಟಿದ್ದಾಳೆ, ಅದರ ತುಂಬ ಅರ್ಧಗಳೇ. ಭಾನುವಾರ ನಾನು ಚಾಪೆ ಮೇಲೆ ಬೋರಲು ಬಿದ್ದು ನಗುತ್ತಿದ್ದಾಗ ಅವಳು ಪಕ್ಕದಲ್ಲಿ ಕೂತು ಏನೋ ಬರೆಯುತ್ತಿದ್ದಳು. ಎದ್ದು ಇಣುಕಿ ನೋಡಿದೆ. ತಾರೀಕು ಹಾಕಿ, ಅದರ ಮುಂದೆ ದೊಡ್ಡದಾಗಿ "ಒಂದೂವರೆ" ಅಂತ ಬರೆದಿದ್ದಳು.