ಜಿಲ್ಲಾಧಿಕಾರಿಗಳೇ, ಆ ಕುಕ್ಕರ್ ಇನ್ನೂ ಅಂಗಡಿ ಮುಂದೆಯೇ ಇದೆ

ದಾವಣಗೆರೆ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ಎರಡು ತಿಂಗಳ ಹಿಂದೆ ನಮ್ಮವ್ವ ಬೇಳೆ ಬೇಯಿಸೋಕೆ ಕುಕ್ಕರ್ ಇಟ್ಟಿದ್ದರು. ಎಷ್ಟು ಹೊತ್ತಾದರೂ ಒಂದು ಕೂಗೂ ಬರಲಿಲ್ಲ. ಒಲೆ ಆರಿಸೋಣ ಅಂತ ಹತ್ತಿರ ಹೋದಾಗ ಮುಚ್ಚಳ ಹಾರಿತು. ಬಲಗೈ ಮೊಣಕೈವರೆಗೆ ಸುಟ್ಟಿತು. ಆಸ್ಪತ್ರೆಯಲ್ಲೂ ಅವ್ವಂದು ಒಂದೇ ಮಾತು: "ನಾನೇ ಸರಿಯಾಗಿ ಮುಚ್ಚಿಲ್ಲ ಅಂತ ಕಾಣ್ಸುತ್ತೆ ಬಿಡಪ್ಪ."

ಬೇಳೆಯ ನೊರೆ ಆವಿಯ ಕೊಳವೆಗೆ ಕಟ್ಟಿಕೊಳ್ಳುವುದು ಹೊಸದಲ್ಲ. ಅದಕ್ಕೇ ಮುಚ್ಚಳದಲ್ಲಿ ಸೇಫ್ಟಿ ವಾಲ್ವ್ ಇರುತ್ತದೆ. ಬಿಸಿ ಮಿತಿ ಮೀರಿದರೆ ಅದರೊಳಗಿನ ಲೋಹ ಕರಗಿ ಆವಿಗೆ ದಾರಿ ಬಿಡಬೇಕು. ನಮ್ಮದರಲ್ಲಿ ಅದು ಒಂದು ಚೂರೂ ಕರಗಿಲ್ಲ. ಕುಕ್ಕರ್ ತಿರುಗಿಸಿ ನೋಡಿದರೆ ಐಎಸ್‌ಐ ಗುರುತಿಲ್ಲ, ಕಂಪನಿಯ ವಿಳಾಸವೂ ಇಲ್ಲ. ಕೊಳ್ಳುವಾಗಲೇ ನೋಡಬೇಕಿತ್ತು. ಬಿಲ್ ಬೇಕಂದ್ರೆ ರೇಟ್ ಜಾಸ್ತಿ ಆಗುತ್ತೆ ಅಂತ ಅಂಗಡಿಯವರು ಅಂದಾಗ ನಾನೂ ಸುಮ್ಮನಾದೆ.

ಅಂಗಡಿಯವರು ಮೊದಲು ಕೇಳಿದ್ದು ಅವ್ವ ಹೇಗಿದ್ದಾರೆ ಅಂತ ಅಲ್ಲ. "ಗ್ಯಾಸ್ಕೆಟ್ ಬೇರೆ ಹಾಕ್ಸಿದ್ರಾ?" ಅಂತ. ಯಾಕೆ ಅಂತ ಆಗ ತಿಳಿಯಲಿಲ್ಲ. ಆಮೇಲೆ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಓದಿದೆ. ವಸ್ತುವನ್ನು ಬದಲಿಸಿದ್ದರೆ, ತಪ್ಪಾಗಿ ಬಳಸಿದ್ದರೆ ಮಾರಿದವರ ಮೇಲೆ ದಾವೆ ನಿಲ್ಲದು ಅನ್ನುತ್ತದೆ 87ನೇ ಸೆಕ್ಷನ್. ಅವರು ನನಗಿಂತ ಮೊದಲೇ ಓದಿಕೊಂಡಿದ್ದರು! ಆದರೆ ಅದರ ಹಿಂದಿನ ಸೆಕ್ಷನ್ ಬಿಟ್ಟಿದ್ದರೇನೋ. ತಯಾರಿಸಿದವರು ಯಾರೆಂದೇ ಗೊತ್ತಿಲ್ಲದ ವಸ್ತುವಿಗೆ ಮಾರಿದವರೇ ಹೊಣೆ ಅಂತ 86 ಹೇಳುತ್ತದೆ. ಗ್ಯಾಸ್ಕೆಟ್ ನಾವು ಮುಟ್ಟಿಲ್ಲ.

ನಾವು ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. 5 ಲಕ್ಷದೊಳಗಿನ ಖರೀದಿಗೆ ಶುಲ್ಕ ಇಲ್ಲ, 2 ವರ್ಷ ಸಮಯ ಇದೆ, ಬಿಲ್ ಇಲ್ಲದಿದ್ದರೂ ಫೋನ್‌ಪೇ ಮೆಸೇಜ್ ಇದೆ. ಅದಕ್ಕಾಗಿ ನಿಮಗೆ ಬರೆಯುತ್ತಿಲ್ಲ.

ಕಳೆದ ವಾರ ಮಂಡಿಪೇಟೆಗೆ ಹೋಗಿದ್ದೆ. ಅದೇ ಅಂಗಡಿ ಮುಂದೆ ಅಂಥವೇ ಕುಕ್ಕರ್‌ಗಳು ಒಂದರ ಮೇಲೊಂದು. ಮದುವೆ ಮುಯ್ಯಿಗೆ ಅಂತ ಒಬ್ಬರು ಎರಡು ತೆಗೆದುಕೊಂಡರು. ಮುಯ್ಯಿ ಬಂದ ಕುಕ್ಕರ್‌ಗೆ ಬಿಲ್ ಯಾರು ಕೇಳುತ್ತಾರೆ? ಅದು ಜಗಳೂರಿಗೋ ಚನ್ನಗಿರಿಗೋ ಹೋಗಿ ಯಾರದೋ ಒಲೆ ಏರುತ್ತದೆ. ನಮ್ಮ ಕೇಸು ಗೆದ್ದರೆ ನಮಗೆ ಪರಿಹಾರ ಸಿಗಬಹುದು. ಆ ಮನೆಯವರಿಗೆ ಏನೂ ಗೊತ್ತಾಗುವುದಿಲ್ಲ.

ಇದು ನಿಮ್ಮ ಕೈಯಲ್ಲಿದೆ. 2021ರ ಫೆಬ್ರವರಿಯಿಂದ ಐಎಸ್‌ಐ ಗುರುತಿಲ್ಲದ ಕುಕ್ಕರ್ ಮಾರುವಂತಿಲ್ಲ. ಒಬ್ಬರಿಗಲ್ಲ, ಹತ್ತಾರು ಗ್ರಾಹಕರಿಗೆ ತೊಂದರೆ ಆಗುವಂಥ ದೂರು ಬಂದರೆ ಜಿಲ್ಲಾಧಿಕಾರಿಯೇ ತನಿಖೆ ಮಾಡಿ ಕೇಂದ್ರ ಗ್ರಾಹಕರ ಸಂರಕ್ಷಣಾ ಪ್ರಾಧಿಕಾರಕ್ಕೆ ವರದಿ ಕಳಿಸಬಹುದು ಅಂತ ಅದೇ ಗ್ರಾಹಕರ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ಈ ಪತ್ರವನ್ನೇ ಅಂಥ ದೂರು ಅಂದುಕೊಳ್ಳಿ. ಜಿಲ್ಲಾ ಗ್ರಾಹಕರ ಸಂರಕ್ಷಣಾ ಪರಿಷತ್ತಿಗೂ ನೀವೇ ಅಧ್ಯಕ್ಷರು, ವರ್ಷಕ್ಕೆ ಕನಿಷ್ಠ 2 ಸಭೆ ಆಗಬೇಕು. ಈ ವರ್ಷದ ಸಭೆ ಯಾವತ್ತು, ಅಲ್ಲಿ ಪಾತ್ರೆ ಅಂಗಡಿಗಳ ಮಾತು ಬರುತ್ತದಾ?

ಕುಕ್ಕರ್ ತೊಳೆದಿಲ್ಲ. ಬೇಳೆ ಅಂಟಿದ ಹಾಗೇ ಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಆಯೋಗದವರು ಅದನ್ನು ಲ್ಯಾಬಿಗೆ ಕಳಿಸಬಹುದು. ಅಷ್ಟರೊಳಗೆ ನಿಮ್ಮ ಅಧಿಕಾರಿಗಳು ನೋಡುವುದಾದರೆ, ಹೇಳಿದ ದಿನ ಕಚೇರಿಗೆ ತರುತ್ತೇನೆ.

ಇಂತಿ,
ನಿಟುವಳ್ಳಿಯ ಒಬ್ಬ ನಿವಾಸಿ, ದಾವಣಗೆರೆ