ನಳಿಕೆ ಉದ್ದವಾದಷ್ಟೂ ಗುಂಡಿನ ವೇಗ ಏರುತ್ತಲೇ ಹೋಗದು

ಮಾನ್ಯ ಸಂಪಾದಕರೇ,

ರೈಫಲ್ ಶೂಟಿಂಗ್ ಕುರಿತು ನಿಮ್ಮ ಕ್ರೀಡಾಪುಟದಲ್ಲಿ ಬಂದ ಲೇಖನದಲ್ಲಿ ‘ನಳಿಕೆ ಎಷ್ಟು ಉದ್ದವೋ ಗುಂಡು ಅಷ್ಟು ವೇಗ, ಅಷ್ಟೇ ನಿಖರ’ ಎಂಬ ಮಾತಿದೆ. ಅದರಲ್ಲಿ ವೇಗದ ಮಾತು ಅರೆಸತ್ಯ, ನಿಖರತೆಯ ಮಾತು ತಪ್ಪು.

ಗುಂಡನ್ನು ತಳ್ಳುವುದು ಮದ್ದು ಉರಿದು ಹುಟ್ಟುವ ಅನಿಲ. ಗುಂಡು ಕೆಲವೇ ಸೆಂಟಿಮೀಟರ್ ಸರಿಯುವಷ್ಟರಲ್ಲಿ ಒತ್ತಡ ಗರಿಷ್ಠ ಮಟ್ಟ ಮುಟ್ಟಿರುತ್ತದೆ. ಆಮೇಲೆ ಗುಂಡಿನ ಹಿಂದಿನ ಜಾಗ ಹಿಗ್ಗಿದಂತೆಲ್ಲ ಒತ್ತಡ ಕುಸಿಯುತ್ತದೆ. .308 ವಿಂಚೆಸ್ಟರ್ ತೋಟಾದ ಗುಂಡು 24 ಇಂಚಿನ ನಳಿಕೆಯ ಬಾಯಿಗೆ ಬರುವ ಹೊತ್ತಿಗೆ ಗರಿಷ್ಠ ಒತ್ತಡದ ಐದನೇ ಒಂದು ಭಾಗವೂ ಉಳಿದಿರುವುದಿಲ್ಲ. ಘರ್ಷಣೆಗಿಂತ ತಳ್ಳುವ ಬಲ ಇನ್ನೂ ಹೆಚ್ಚಿರುವುದರಿಂದ ವೇಗ ಏರುತ್ತದೆ ನಿಜ, ಆದರೆ ಒಂದೊಂದು ಇಂಚಿನ ಗಳಿಕೆಯೂ ಅದರ ಹಿಂದಿನ ಇಂಚಿನದಕ್ಕಿಂತ ಕಡಿಮೆ. ಈ ತೋಟಾದಲ್ಲಿ 20ರಿಂದ 26 ಇಂಚಿನ ನಡುವೆ ಇಂಚಿಗೆ ಸಿಗುವುದು ಸೆಕೆಂಡಿಗೆ ಸುಮಾರು 6ರಿಂದ 8 ಮೀಟರ್ ಮಾತ್ರ.

ನಳಿಕೆ ಗಿಡ್ಡವಾದಾಗ ಲೆಕ್ಕ ಬೇರೆಯಾಗುತ್ತದೆ. 5.56 ಮಿ.ಮೀ. ತೋಟಾದಲ್ಲಿ 20 ಇಂಚಿನಿಂದ 14.5 ಇಂಚಿಗೆ ಇಳಿದರೆ ಸೆಕೆಂಡಿಗೆ 50 ಮೀಟರ್ ಆಸುಪಾಸು ಹೋಗುತ್ತದೆ. ಅಲ್ಲಿಂದ 10.5ಕ್ಕೆ ನಾಲ್ಕೇ ಇಂಚು ಇಳಿಸಿದರೂ ಅದಕ್ಕಿಂತ ಹೆಚ್ಚು ನಷ್ಟ. ಜತೆಗೆ ಅನಿಲ ಭಾರಿ ಒತ್ತಡದಲ್ಲೇ ಹೊರನುಗ್ಗುವುದರಿಂದ ಸದ್ದು, ಬೆಂಕಿ ಎರಡೂ ಜೋರು. ‘ಗಿಡ್ಡ ನಳಿಕೆಗೆ ಬೇಗ ಉರಿಯುವ ಮದ್ದು ಹಾಕಿದರೆ ಸರಿಹೋಗುತ್ತದೆ’ ಎನ್ನುವವರೂ ಇದ್ದಾರೆ. ಆದರೆ ಸಾಮಾನ್ಯವಾಗಿ ಉದ್ದ ನಳಿಕೆಯಲ್ಲಿ ಹೆಚ್ಚು ವೇಗ ಕೊಡುವ ಮದ್ದೇ ಗಿಡ್ಡದರಲ್ಲೂ ಹೆಚ್ಚು ವೇಗ ಕೊಡುತ್ತದೆ.

ಲೇಖನದ ಸೂತ್ರ ಪೂರ್ತಿ ತಲೆಕೆಳಗಾಗುವುದು .22 ಲಾಂಗ್ ರೈಫಲ್ ಎಂಬ ಪುಟ್ಟ ತೋಟಾದಲ್ಲಿ. ಇದರಲ್ಲಿ ಮದ್ದು ಇರುವುದೇ ಗ್ರಾಂನ ಹತ್ತನೇ ಒಂದು ಭಾಗದಷ್ಟು. 16ರಿಂದ 19 ಇಂಚಿನೊಳಗೆ ಅನಿಲದ ಕಸುವು ಮುಗಿದು, ಅದರಾಚೆಗೆ ಘರ್ಷಣೆ ಗುಂಡನ್ನು ತುಸು ನಿಧಾನಗೊಳಿಸುತ್ತದೆ. ಆದರೂ 50 ಮೀಟರ್ ಸ್ಪರ್ಧೆಯ ರೈಫಲ್‌ಗಳಲ್ಲಿ 26 ಇಂಚಿನ ನಳಿಕೆ ಕಾಣುತ್ತದಲ್ಲ? ಅದು ವೇಗಕ್ಕಲ್ಲ. ಗುರಿ ನೋಡಲು ರೈಫಲ್ ಮೇಲಿರುವ ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ಅಂತರ ಹೆಚ್ಚಿದಷ್ಟೂ ಗುರಿ ಹಿಡಿಯುವಲ್ಲಿನ ಸಣ್ಣ ತಪ್ಪು ಕಡಿಮೆ ಕೋನದಷ್ಟು ಮಾತ್ರ ದಾರಿ ತಪ್ಪಿಸುತ್ತದೆ. ಇದಕ್ಕಾಗಿಯೇ ಕೆಲವರು ನಳಿಕೆಯ ತುದಿಗೆ ಗುಂಡನ್ನು ತಿರುಗಿಸುವ ಒಳಗೀರುಗಳಿಲ್ಲದ ಅಗಲ ಕೊಳವೆ ಜೋಡಿಸಿ, ಮುಂದಿನ ಸೈಟನ್ನು ಅದರ ಮೇಲೆ ಕೂರಿಸುತ್ತಾರೆ. ಗುಂಡು ಅದನ್ನು ಮುಟ್ಟುವುದೇ ಇಲ್ಲ.

ದೂರದರ್ಶಕ ಕೂರಿಸಿದರೆ ಈ ಲಾಭವೂ ಇಲ್ಲ. ದಪ್ಪ ಒಂದೇ ಇದ್ದು ಉದ್ದ ಇಮ್ಮಡಿಯಾದರೆ, ತುದಿಗೆ ಬಿದ್ದ ಅದೇ ಬಲಕ್ಕೆ ನಳಿಕೆ ಎಂಟು ಪಟ್ಟು ಬಾಗುತ್ತದೆ. ಗಿಡ್ಡದ್ದೇ ಹೆಚ್ಚು ಬಿಗಿ. ಗುಂಡುಗಳು ಒತ್ತಾಗಿ ಒಂದೆಡೆ ಬೀಳದಂತೆ ಕೆಡಿಸುವುದು ಹೆಚ್ಚಾಗಿ ನಳಿಕೆಯ ಬಾಯಂಚಿನ ಗಾಯ, ಒಳಮೈಯ ಏರುಪೇರು, ಹೊಂದದ ತೋಟಾ. ವೇಗದ ನಿಜವಾದ ಪ್ರಯೋಜನ ಕಾಣುವುದು ನೂರಾರು ಮೀಟರ್ ದೂರದಲ್ಲಿ, ಗಾಳಿಯ ಸೆಳೆತ ಮತ್ತು ಗುಂಡಿನ ಇಳಿತ ಕಡಿಮೆಯಾಗುವುದರಲ್ಲಿ.

ಲೇಖನದ ಕೋಷ್ಟಕದ ಬಗ್ಗೆಯೂ ತಕರಾರಿದೆ. ಅಲ್ಲಿ ಹೋಲಿಸಿರುವುದು ಎರಡು ಬೇರೆ ರೈಫಲ್‌ಗಳನ್ನು, ಅದೂ ತಲಾ ಮೂರು ಗುಂಡಿನಲ್ಲಿ. ಒಂದೇ ಉದ್ದದ, ಒಂದೇ ತಯಾರಿಕೆಯ ಎರಡು ನಳಿಕೆಗಳ ನಡುವೆಯೇ ಸೆಕೆಂಡಿಗೆ 15 ಮೀಟರ್ ವ್ಯತ್ಯಾಸ ಬರಬಹುದು. ಗುಂಡಿನಿಂದ ಗುಂಡಿಗೆ ವೇಗದ ಪ್ರಮಾಣಿತ ವಿಚಲನೆ (ಸರಾಸರಿಯ ಸುತ್ತ ಚದುರುವಿಕೆಯ ಅಳತೆ) ಸೆಕೆಂಡಿಗೆ 5 ಮೀಟರ್ ಇದ್ದರೆ, ಮೂರು ಗುಂಡಿನ ಎರಡು ಸರಾಸರಿಗಳ ವ್ಯತ್ಯಾಸದಲ್ಲಿ ನಾಲ್ಕು ಮೀಟರ್ ಅನಿಶ್ಚಿತತೆ ಇರುತ್ತದೆ. ಒಂದು ಇಂಚಿನ ಪರಿಣಾಮ ಅದರಲ್ಲೇ ಮುಳುಗಿಹೋಗಬಹುದು. ಸರಿಯಾದ ಪರೀಕ್ಷೆಯೆಂದರೆ ಕಾರ್ಯಾಗಾರದಲ್ಲಿ ಒಂದೇ ನಳಿಕೆಯನ್ನು ಇಂಚಿಂಚಾಗಿ ಕತ್ತರಿಸಿ, ಪ್ರತಿ ಸಲ ಬಾಯಂಚನ್ನು ಮತ್ತೆ ತೀಡಿ, ಒಂದೇ ಲಾಟ್‌ನ ತೋಟಾಗಳಿಂದ ಕನಿಷ್ಠ ಹತ್ತು ಗುಂಡು ಹೊಡೆದು ಸರಾಸರಿ ತೆಗೆಯುವುದು. ಬೆಳಕಿನಿಂದ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ನಳಿಕೆಯ ಬಾಯಿಯಿಂದ ಮೂರು ಮೀಟರಾದರೂ ಮುಂದಿರಬೇಕು. ತೀರಾ ಹತ್ತಿರವಿದ್ದರೆ ಅನಿಲದ ಹೊಡೆತಕ್ಕೆ ತಪ್ಪು ಅಂಕಿ ತೋರಿಸುತ್ತದೆ. ನಳಿಕೆಯ ಉದ್ದವನ್ನು, ಅದರ ಹಿಂಬದಿಯನ್ನು ಮುಚ್ಚುವ ಬೋಲ್ಟ್‌ನ ಮುಖದಿಂದ, ಬೋಲ್ಟ್ ಮುಚ್ಚಿರುವಾಗ, ನಳಿಕೆಯ ಬಾಯಿವರೆಗೆ, ಒಳಗೆ ಕಡ್ಡಿ ಇಳಿಸಿ ಅಳೆಯಬೇಕು. ಹಿನ್ನೊದೆತ ತಗ್ಗಿಸಲು ತುದಿಗೆ ಜೋಡಿಸುವ, ತಿರುಪಿ ತೆಗೆಯಬಹುದಾದ ಮಜಲ್ ಬ್ರೇಕ್ ಆ ಲೆಕ್ಕಕ್ಕೆ ಸೇರುವುದಿಲ್ಲ.

ಇಂತಿ,
ಗುರಿಕ್ರೀಡೆಯ ಓದುಗ