ಕಾಲು ಮುರಿದುಕೊಂಡ ಕರ್ಣನಿಗೆ ಶಲ್ಯನ ಪತ್ರ

ಪ್ರೀತಿಯ ಕರ್ಣ,

ಹೇಗಿದೆ ಕಾಲು? ಕೊಬ್ಬರಿ ಅಟ್ಟದ ಏಣಿಯಿಂದ ಬಿದ್ದೆ ಅಂತ ನಿನ್ನ ಮಗಳು ಫೋನ್ ಮಾಡಿದಾಗ ಮೊದಲು ನನಗೆ ನಗು ಬಂತು, ಸುಳ್ಳು ಯಾಕೆ ಹೇಳಲಿ. ರಥದ ಚಕ್ರ ಹೂತು ಬೀಳಬೇಕಾದ ಕರ್ಣ ಏಣಿ ಜಾರಿ ಬಿದ್ದನಲ್ಲಪ್ಪ ಅಂತ. ರಾಡು ಹಾಕಿದ್ದಾರೆ, ಮೂರು ತಿಂಗಳು ಕಾಲೂರುವ ಹಾಗಿಲ್ಲ ಅಂದಮೇಲೆ ಹೊಟ್ಟೆ ಚುರ್ ಅಂತು.

ಮೊನ್ನೆ ಆಸ್ಪತ್ರೆಗೆ ಬಂದಾಗ ನೀನು ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ಎರಡು ಮಾತಾಡಿದೆ, ಎರಡೂ ಬೈಗುಳ. ಜಾತ್ರೆಯ 'ಕುರುಕ್ಷೇತ್ರ' ನಾಟಕಕ್ಕೆ ಇನ್ನು ಒಂಬತ್ತು ವಾರ ಇದೆ. ಎದುರಿಗೆ ಕೂತರೆ ನಿನ್ನ ಮುಖ ನೋಡಿ ನಾನು ಅರ್ಧ ಹೇಳಿ ಅರ್ಧ ನುಂಗಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ತಂಡದವರೂ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ. ಇಪ್ಪತ್ತು ವರ್ಷ ನಿನ್ನ ಸಾರಥಿ ಶಲ್ಯನ ಪಾರ್ಟು ಹಾಕಿದ್ದೇನೆ. ನಿನ್ನನ್ನು ಚುಚ್ಚುವುದು ನನ್ನ ಕೆಲಸ ಅಲ್ವಾ?

ಒಂದು ಕತೆ ಹೇಳುತ್ತೇನೆ. ದೂರದ ಊರಿನದು. ಪೂರ್ತಿ ಕೇಳು.

ನನ್ನ ಮಗಳನ್ನು ಪ್ರತಿ ಭಾನುವಾರ ತುಮಕೂರಿಗೆ ಭರತನಾಟ್ಯದ ಕ್ಲಾಸಿಗೆ ಕರೆದುಕೊಂಡು ಹೋಗುತ್ತೇನೆ ಅಂತ ನಿನಗೆ ಗೊತ್ತು. ಅವಳು ಒಳಗೆ, ನಾನು ಹೊರಗೆ ಬೇವಿನ ಮರದ ಕೆಳಗೆ ಸ್ಕೂಟರ್ ಮೇಲೆ. ಒಂದು ದಿನ ಅವಳೇ ನನ್ನ ಫೋನಿನಲ್ಲಿ ಒಂದು ವಿಡಿಯೋ ಹಾಕಿಕೊಟ್ಟು ಹೋದಳು. 'ಸುಮ್ನೆ ಕೂರೋ ಬದಲು ಇದನ್ನ ನೋಡಪ್ಪ' ಅಂತ. ಕಪ್ಪು ಬಿಳುಪು. ಬ್ಯಾಲೆ, ಯುರೋಪಿನ ಕಡೆಯ ಕುಣಿತ. ಹೆಂಗಸೊಬ್ಬಳು ಒಂದೇ ಕಾಲಿನ ಹೆಬ್ಬೆರಳ ತುದಿ ಮೇಲೆ ನಿಂತು ಟಿಕ್ ಟಿಕ್ ಅಂತ ಕುಪ್ಪಳಿಸುತ್ತಾ ಸ್ಟೇಜಿನ ಈ ಮೂಲೆಯಿಂದ ಆ ಮೂಲೆಗೆ ಹೋಗುತ್ತಾಳೆ. ನಾವು ಕುಂಟೆಬಿಲ್ಲೆ ಆಡುತ್ತಿದ್ದೆವಲ್ಲ, ಹಾಗೆ. ಆದರೆ ಪಾದದ ಮೇಲಲ್ಲ, ಬೆರಳ ತುದಿಯಲ್ಲಿ. ಮುಖದಲ್ಲಿ ನಗು.

ಅವಳ ಬೂಟಿನ ಮೂತಿಯಲ್ಲಿ ಮರದ ತುಂಡು ಇಟ್ಟಿರಬೇಕು ಅಂದುಕೊಂಡೆ. ಮಗಳು ಬಂದು ಹೇಳಿದಳು, ಇಲ್ಲವಂತೆ. ಗೋಣಿಯಂಥ ಬಟ್ಟೆ, ಕಾಗದ, ಅಂಟು. ಪದರದ ಮೇಲೆ ಪದರ ಅಂಟಿಸಿ, ಒಣಗಿಸಿ, ಮೇಲೆ ಸ್ಯಾಟಿನ್ ಬಟ್ಟೆ ಹೊದಿಸುತ್ತಾರೆ. ನಾವು ಹುಡುಗರಿದ್ದಾಗ ಮೈದಾ ಅಂಟು ಕುದಿಸಿ ಗುಬ್ಬಿ ಬಸ್ ಸ್ಟ್ಯಾಂಡಿನ ಗೋಡೆಗೆ ನಾಟಕದ ಪೋಸ್ಟರ್ ಮೆತ್ತುತ್ತಿದ್ದೆವಲ್ಲ, ಒಂದರ ಮೇಲೊಂದು ಹತ್ತು ಪೋಸ್ಟರ್ ಕೂತು ಗಟ್ಟಿ ಹಲಗೆ ಆಗುತ್ತಿತ್ತಲ್ಲ, ಅದೇ ಲೆಕ್ಕ. ಬೆವರು ಹಿಡಿದರೆ ಮೆತ್ತಗಾಗುತ್ತದೆ. ದೊಡ್ಡ ಪಾರ್ಟಾದರೆ ಒಂದೇ ರಾತ್ರಿಗೆ ಒಂದು ಜೊತೆ ಬೂಟು ಮುಗಿದೇಹೋಗುತ್ತದೆ.

ಆ ಹೆಂಗಸಿನ ಹೆಸರು ಅಲಿಸಿಯಾ ಅಲೊನ್ಸೊ. ಕ್ಯೂಬಾ ದೇಶದವಳು. 1920ರಲ್ಲಿ ಹವಾನಾದಲ್ಲಿ ಹುಟ್ಟಿದವಳು. ಹದಿನಾರಕ್ಕೇ ಮದುವೆ, ಗಂಡ ಫರ್ನಾಂಡೊ ಕೂಡ ಬ್ಯಾಲೆಯವನೇ. ಇಬ್ಬರೂ ನ್ಯೂಯಾರ್ಕಿಗೆ ಹೋದರು. ಅಲ್ಲೊಂದು ಮಗು. ಹೊಟ್ಟೆಪಾಡಿಗೆ ಅಲ್ಲಿನ ಹಾಡು ಕುಣಿತದ ನಾಟಕಗಳಲ್ಲಿ ಹಿಂದಿನ ಸಾಲಿನಲ್ಲಿ ಕುಣಿದಳು. 1940ರಲ್ಲಿ 'ಬ್ಯಾಲೆ ಥಿಯೇಟರ್' ಅನ್ನುವ ಹೊಸ ಕಂಪನಿ ಆಟ ಶುರುಮಾಡಿತು, ಅಲ್ಲಿಗೆ ಸೇರಿಕೊಂಡಳು.

ಈ ಬ್ಯಾಲೆ ಕಂಪನಿಗಳೂ ನಮ್ಮ ಗುಬ್ಬಿ ಕಂಪನಿ ಥರವೇ ಕಣೋ. ಮೊದಲು ಗುಂಪು. ಇಪ್ಪತ್ತು ಮೂವತ್ತು ಹುಡುಗಿಯರು, ಒಂದೇ ಥರ ಕೈ ಎತ್ತಬೇಕು, ಒಬ್ಬಳ ಹೆಸರೂ ಯಾರಿಗೂ ಗೊತ್ತಿರುವುದಿಲ್ಲ. ಅಲ್ಲಿಂದ ಚೆನ್ನಾಗಿ ಮಾಡಿದವರಿಗೆ ಬಿಡಿ ಪಾರ್ಟು. ಅವರನ್ನು ಸೋಲೋಯಿಸ್ಟ್ ಅನ್ನುತ್ತಾರೆ. ಎಲ್ಲರಿಗಿಂತ ಮೇಲೆ ಪ್ರಿನ್ಸಿಪಾಲ್. ಕಾಲೇಜಿನ ಪ್ರಿನ್ಸಿಪಾಲ್ ಅಲ್ಲ ಮತ್ತೆ! ಹೀರೋಯಿನ್ ಪಾರ್ಟೆಲ್ಲ ಇವರದು. ಗುಂಪಿನಲ್ಲೇ ವಯಸ್ಸು ಕಳೆದು ಮನೆಗೆ ಹೋಗುವವರೇ ಜಾಸ್ತಿ.

ಅಲಿಸಿಯಾ ಮೇಲೆ ಬರುತ್ತಿದ್ದಳು. 1941ರಲ್ಲಿ ಕಣ್ಣು ಕೈಕೊಟ್ಟಿತು. ಕಣ್ಣಿನ ಹಿಂದಿನ ಪರದೆ ಕಳಚಿಕೊಂಡಿತ್ತು. ಆಪರೇಷನ್ ಆಯಿತು. ಮತ್ತೆ ಕಳಚಿತು. ಮತ್ತೆ ಆಪರೇಷನ್. ಹವಾನಾಕ್ಕೆ ವಾಪಸ್ ಬಂದು ಮೂರನೆಯದು. ಆಗ ಡಾಕ್ಟರು ಹೇಳಿದ್ದು ಕೇಳು: ಒಂದು ವರ್ಷ ಅಂಗಾತ ಮಲಗಿರಬೇಕು. ಕಣ್ಣಿಗೆ ಪಟ್ಟಿ. ತಲೆ ಅಲ್ಲಾಡಿಸಬಾರದು. ಜೋರಾಗಿ ನಗಬಾರದು, ಅಳಬಾರದು, ಗಟ್ಟಿ ಪದಾರ್ಥ ಅಗಿಯಲೂಬಾರದು. ಮಗುವಿನ ಜೊತೆ ಆಡುವ ಹಾಗಿಲ್ಲ. ವಯಸ್ಸು ಇಪ್ಪತ್ತೊಂದು.

ನೀನು ಐವತ್ತೇಳಕ್ಕೆ ಮೂರು ತಿಂಗಳಿಗೆ ಗೋಡೆ ನೋಡುತ್ತಿದ್ದೀಯ. ಜಗಿಯಲು ಚಕ್ಕುಲಿ ಬೇರೆ ಇದೆ ನಿನಗೆ.

ಅವಳು ಏನು ಮಾಡಿದಳು ಗೊತ್ತಾ? ಗಂಡ ದಿನಾ ಬಂದು ಹಾಸಿಗೆ ಪಕ್ಕ ಕೂರುತ್ತಿದ್ದ. 'ಜಿಸೆಲ್' ಅಂತ ಒಂದು ಬ್ಯಾಲೆ ಇದೆ. 1841ರಲ್ಲಿ ಪ್ಯಾರಿಸ್‌ನಲ್ಲಿ ಮೊದಲು ಆಡಿದ್ದು. ಹಳ್ಳಿ ಹುಡುಗಿ ಜಿಸೆಲ್, ಎದೆ ಬಲ ಕಮ್ಮಿ. ದೊಡ್ಡ ಮನೆಯವನೊಬ್ಬ ವೇಷ ಮರೆಸಿಕೊಂಡು ಬಂದು ಪ್ರೀತಿಸುತ್ತಾನೆ. ಅವನಿಗೆ ಮೊದಲೇ ನಿಶ್ಚಯವಾಗಿದೆ ಅಂತ ಗೊತ್ತಾದಾಗ ಹುಡುಗಿಗೆ ಹುಚ್ಚು ಹಿಡಿಯುತ್ತದೆ, ಅಲ್ಲೇ ಸಾಯುತ್ತಾಳೆ. ಎರಡನೇ ಅಂಕದಲ್ಲಿ ದೆವ್ವವಾಗಿ ಬರುತ್ತಾಳೆ. ಮದುವೆಗೆ ಮುಂಚೆ ಸತ್ತ ಹುಡುಗಿಯರದ್ದೇ ಒಂದು ಗುಂಪು ಕಾಡಿನಲ್ಲಿರುತ್ತದೆ, ಕೈಗೆ ಸಿಕ್ಕ ಗಂಡಸರನ್ನು ಸಾಯುವ ತನಕ ಕುಣಿಸುತ್ತದೆ. ನಮ್ಮ ಮೋಹಿನಿ ಕಾಟದ ಕತೆಯೇ. ಆದರೆ ಜಿಸೆಲ್ ಮಾತ್ರ ಮೋಸ ಮಾಡಿದವನನ್ನು ಬೆಳಗಾಗುವ ತನಕ ಕಾಪಾಡುತ್ತಾಳೆ.

ಆ ಇಡೀ ಪಾರ್ಟನ್ನು ಅವಳು ಬೆರಳಲ್ಲಿ ಕಲಿತಳು. ತೋರುಬೆರಳು ಒಂದು ಕಾಲು, ನಡುಬೆರಳು ಇನ್ನೊಂದು ಕಾಲು. ಬೆಡ್‌ಶೀಟೇ ಸ್ಟೇಜು. ಗಂಡ ಹೆಜ್ಜೆ ತೋರಿಸುವುದು, ಇವಳ ಬೆರಳು ಕುಣಿಯುವುದು. ಕಣ್ಣಿಗೆ ಪಟ್ಟಿ ಕಟ್ಟಿದೆ, ಮೈ ಕಲ್ಲಿನ ಹಾಗೆ ಮಲಗಿದೆ, ಎರಡು ಬೆರಳು ಮಾತ್ರ ಓಡಾಡುತ್ತಿವೆ. ಇದನ್ನು ಕೇಳಿದ ರಾತ್ರಿ ನಾನೂ ಅಂಗಡಿ ಗಲ್ಲಾದ ಮೇಲೆ ಎರಡು ಬೆರಳಿಟ್ಟು ನಮ್ಮ ರಥದ ಸೀನು ಮಾಡಿ ನೋಡಿದೆ. ಬಲಗೈ ನೀನು, ಎಡಗೈ ನಾನು. ನೀನು ಬಿಲ್ಲು ಎತ್ತಿ ಎಡಕ್ಕೆ ಎರಡು ಹೆಜ್ಜೆ ಬರುವಾಗ ನಾನು ಹಿಂದಕ್ಕೆ ಸರಿಯಬೇಕಲ್ಲ, ಇಷ್ಟು ವರ್ಷ ಒಂದು ಹೆಜ್ಜೆ ತಡವಾಗಿ ಸರಿಯುತ್ತಿದ್ದೆ ಕಣೋ. ಅದಕ್ಕೇ ಪ್ರತಿ ಸಲ ನಿನ್ನ ಭುಜಕೀರ್ತಿ ನನ್ನ ಮೂತಿಗೆ ಬಡಿಯುತ್ತಿದ್ದದ್ದು. ಇರುವೆ ಎಣಿಸುತ್ತಿದ್ದೀರಾ ಅಂತ ನಮ್ಮವಳು ಕೇಳಿದಳು.

ವರ್ಷ ಕಳೆದು ಅಲಿಸಿಯಾ ಎದ್ದಳು. ಕಾಲು ನಿಲ್ಲುತ್ತಿರಲಿಲ್ಲ, ನಡೆಯುವುದನ್ನೇ ಮತ್ತೆ ಕಲಿತಳು. ಕಣ್ಣು ಪೂರ್ತಿ ಬರಲಿಲ್ಲ. ಎದುರಿಗೆ ಒಂದಿಷ್ಟು ಮಸುಕು, ಪಕ್ಕದ್ದು ಕಾಣುವುದೇ ಇಲ್ಲ. 1943ರಲ್ಲಿ ನ್ಯೂಯಾರ್ಕಿಗೆ ವಾಪಸ್. ಆಗ ಆ ಕಂಪನಿಯಲ್ಲಿ ಜಿಸೆಲ್ ಅಂದರೆ ಅಲಿಸಿಯಾ ಮಾರ್ಕೋವಾ. ಇವಳ ಹೆಸರೇ, ಆದರೆ ದೊಡ್ಡ ಹೆಸರು. ಆ ನವೆಂಬರ್‌ನಲ್ಲಿ ಮಾರ್ಕೋವಾಗೆ ಹುಷಾರು ತಪ್ಪಿತು. ಆಟ ನಿಗದಿಯಾಗಿದೆ, ಜನ ಬರುತ್ತಾರೆ. ಯಾರು ಮಾಡುತ್ತೀರಿ ಅಂದಾಗ ಈ ಅರೆಗುರುಡಿ ಒಪ್ಪಿಕೊಂಡಳು. 1943ರ ನವೆಂಬರ್ 2, ಅವಳ ಮೊದಲ ಜಿಸೆಲ್. ಹೆಜ್ಜೆಯೆಲ್ಲ ಬೆರಳಿಗೆ ಮೊದಲೇ ಬಾಯಿಪಾಠ ಆಗಿತ್ತಲ್ಲ. ಅವತ್ತಿಂದ ಅವಳ ದಾರಿಯೇ ಬೇರೆಯಾಯಿತು.

ಸ್ಟೇಜಿನ ಅಂಚು ಕಾಣದವಳು ಹೇಗೆ ಕುಣಿಯುತ್ತಿದ್ದಳು ಅಂತ ನಾನೂ ಯೋಚಿಸಿದೆ. ಅವಳಿಗಾಗಿ ಜೋರು ಬಣ್ಣದ ಲೈಟುಗಳನ್ನು ಗೊತ್ತು ಮಾಡಿದ ಜಾಗದಲ್ಲಿ ಇಡುತ್ತಿದ್ದರು. ಆ ಬಣ್ಣ ನೋಡಿ ತಾನು ಎಲ್ಲಿದ್ದೇನೆ ಅಂತ ತಿಳಿದುಕೊಳ್ಳುತ್ತಿದ್ದಳು. ಜೊತೆಗೆ ಕುಣಿಯುವವನು ಹೇಳಿದ ಜಾಗದಲ್ಲೇ ನಿಂತಿರಬೇಕು, ಒಂದಡಿ ಆಚೀಚೆ ಆದರೂ ಇವಳು ಗಾಳಿಗೆ ಕೈ ಕೊಟ್ಟ ಹಾಗೆ. ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಫೋಕಸ್ ಲೈಟು ಕಣ್ಣಿಗೆ ಹೊಡೆದು ನಮ್ಮ ಭೀಮ ಹಾರ್ಮೋನಿಯಂ ಮೇಷ್ಟ್ರ ಮೇಲೇ ಬಿದ್ದಿದ್ದನಲ್ಲ, ನೆನಪಿದೆಯಾ? ಅವನಿಗೆ ಎರಡೂ ಕಣ್ಣು ಸರಿಯಾಗಿತ್ತು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 1948ರಲ್ಲಿ ಹವಾನಾದಲ್ಲಿ ಸ್ವಂತ ಕಂಪನಿ ಕಟ್ಟಿದಳು. ಸರ್ಕಾರ ದುಡ್ಡು ನಿಲ್ಲಿಸಿದ್ದರಿಂದ 1956ರಲ್ಲಿ ಬಾಗಿಲು ಹಾಕಿತು. ಆಮೇಲೆ ಬ್ಯಾಲೆಗೆ ಹೆಸರಾದ ರಷ್ಯಾಕ್ಕೇ ಹೋಗಿ ಕುಣಿದು ಬಂದಳು. 1959ರಲ್ಲಿ ಕ್ಯೂಬಾದಲ್ಲಿ ಕ್ರಾಂತಿಯಾಯಿತು, ಅದರ ಮುಂದಾಳು ಕ್ಯಾಸ್ಟ್ರೋ ಎರಡು ಲಕ್ಷ ಡಾಲರ್ ಕೊಟ್ಟ, ಕಂಪನಿ ಮತ್ತೆ ಎದ್ದಿತು. ಫ್ಯಾಕ್ಟರಿ, ಹಳ್ಳಿ ಅಂತ ನೋಡದೆ ಎಲ್ಲ ಕಡೆ ಆಡಿದರು. ಬಡವರ ಮಕ್ಕಳಿಗೆ ಬಿಟ್ಟಿಯಾಗಿ ಕಲಿಸಿದರು. ಆ ಶಾಲೆಯಲ್ಲಿ ಕಲಿತ ಕಾರ್ಲೋಸ್ ಅಕೋಸ್ಟಾ ಅನ್ನುವವನು ಲಂಡನ್ನಿನ ರಾಯಲ್ ಬ್ಯಾಲೆಯಲ್ಲಿ ಪ್ರಿನ್ಸಿಪಾಲ್ ಆದ. ಅವನ ಅಪ್ಪ ಲಾರಿ ಡ್ರೈವರ್.

ಇಲ್ಲಿಗೆ ನಿಲ್ಲಿಸಿದರೆ ನಿನಗೆ ಖುಷಿಯಾಗುತ್ತದೆ. 'ನೋಡು, ನಾನೂ ಹಾಸಿಗೆಯಿಂದ ಎದ್ದು ಮತ್ತೆ ಕರ್ಣ ಆಗ್ತೀನಿ' ಅಂತ ಮೀಸೆ ತಿರುವುತ್ತೀಯ. ಪೂರ್ತಿ ಕೇಳು ಅಂದಿದ್ದು ಅದಕ್ಕೇ.

ಹಿಂಗೆ ಒಬ್ಬರಿಗೆ ಹುಷಾರು ತಪ್ಪಿ ಸಿಕ್ಕ ಪಾರ್ಟನ್ನು ಅಲಿಸಿಯಾ ಆಮೇಲೆ ಬಿಡಲೇ ಇಲ್ಲ. ಐವತ್ತಾಯಿತು, ಅರವತ್ತಾಯಿತು, ಇನ್ನೂ ಅವಳದೇ ಜಿಸೆಲ್. ಕೊನೆಯ ಸಲ ಸ್ಟೇಜ್ ಹತ್ತಿದ್ದು 1995ರಲ್ಲಿ, ಎಪ್ಪತ್ತೈದರ ಹೊಸ್ತಿಲಲ್ಲಿ. ನಿರ್ದೇಶಕಿಯ ಕುರ್ಚಿಯಲ್ಲಂತೂ 2019ರಲ್ಲಿ ಸಾಯುವ ತನಕ ಇದ್ದಳು, ತೊಂಬತ್ತೆಂಟು ವರ್ಷ. ಅವಳ ನೆರಳಲ್ಲಿ ಎಳೆಯ ಹುಡುಗಿಯರಿಗೆ ಜಾಗ ಸಿಗಲಿಲ್ಲ ಅಂತ ತಕರಾರು ಇತ್ತು. ದೇಶ ಬಿಟ್ಟು ಹೋದ ಕಲಾವಿದರೂ ಕಮ್ಮಿಯೇನಿಲ್ಲ. ನನಗೆ ಆ ವಿಡಿಯೋದ ಹೆಂಗಸಿನ ಮೇಲೆ ಎಷ್ಟು ಗೌರವವೋ, ಈ ವಿಷಯದಲ್ಲಿ ಅಷ್ಟೇ ಸಿಟ್ಟು. ತಾನು ಹೇಗೆ ಮೇಲೆ ಬಂದೆ ಅಂತ ಮರೆತಳಲ್ಲ!

ಈಗ ನಿನ್ನ ವಿಷಯ. ಈ ವರ್ಷ ಕರ್ಣನ ಪಾರ್ಟು ಬೇಡವೇ ಬೇಡ, ಸೀನೇ ತೆಗೆದುಬಿಡಿ, ಪಾರ್ಟಿಗೆ ಕಟ್ಟಿದ ದುಡ್ಡೂ ವಾಪಸ್ ಬೇಡ ಅಂತ ನೀನು ಮೇಷ್ಟ್ರಿಗೆ ಹೇಳಿ ಕಳಿಸಿದೆಯಂತೆ. ಕರ್ಣ ಇಲ್ಲದ ಕುರುಕ್ಷೇತ್ರ ಅಂದರೆ ಏನೋ ಅದು? ಬಂದ ಜನ ನನ್ನೊಬ್ಬನನ್ನೇ ಖಾಲಿ ರಥದಲ್ಲಿ ನೋಡಬೇಕಾ? ಹುಡುಗ ಒಬ್ಬ ಸಿದ್ಧ ಇದ್ದಾನೆ. ನಿನಗೂ ಗೊತ್ತು ಯಾರು ಅಂತ. ನಾಲ್ಕು ವರ್ಷದಿಂದ ಸೈನಿಕ, ದೂತ, ದ್ವಾರಪಾಲಕ ಅಂತ ನಿಂತಿದ್ದಾನೆ, ಸೈಡ್ ವಿಂಗಿನಲ್ಲಿ ನಿನ್ನ ಕಂದ ಪದ್ಯಗಳಿಗೆ ತುಟಿ ಅಲ್ಲಾಡಿಸುತ್ತಾನೆ. ಹೋದ ವಾರ ಪ್ರಾಕ್ಟೀಸಿನಲ್ಲಿ ಮೇಷ್ಟ್ರು ಹಾಡಿಸಿದರು. ಗಂಟಲು ನಿನ್ನಷ್ಟು ಎತ್ತರಕ್ಕೆ ಹೋಗುವುದಿಲ್ಲ, ನಿಜ. ಕೆಳಗಿನ ಶ್ರುತಿಯಲ್ಲಿ ನಿನಗಿಂತ ಚೆನ್ನಾಗಿ ನಿಲ್ಲುತ್ತಾನೆ, ಅದೂ ನಿಜ.

'ಟಾಟಾ ಏಸ್ ಓಡಿಸಿಕೊಂಡು ಕಾಯಿ ಸಾಗಿಸುವವನಿಗೆ ಕರ್ಣನ ಪಾರ್ಟಾ' ಅಂದೆಯಂತೆ. ಅಲ್ಲ ಮಾರಾಯ, ಕರ್ಣನನ್ನು ಸಾಕಿದ ಅಪ್ಪ ಏನು ಕೆಲಸ ಮಾಡುತ್ತಿದ್ದ? ಪ್ರತಿ ವರ್ಷ 'ಸೂತಪುತ್ರ' ಅಂತ ನಾನು ಹಂಗಿಸಿದಾಗ ನಿನಗೆ ಬರುತ್ತಿದ್ದ ಸಿಟ್ಟು ಬರೀ ಆ್ಯಕ್ಟಿಂಗಾ? ಆ ಮಾತು ನಿನ್ನ ಬಾಯಿಂದ ಬಂತು ಅಂತ ಕೇಳಿ ನನಗೆ ನಿಜಕ್ಕೂ ಬೇಸರವಾಯಿತು.

ಭಾನುವಾರ ಸಂಜೆ ಕಾಯಿ ಇಳಿಸಿ ಅವನು ನಿಮ್ಮ ಮನೆಗೆ ಬರುತ್ತಾನೆ, ನೋಟ್‌ಬುಕ್ ಹಿಡಿದುಕೊಂಡು. ಗೋಡೆ ಕಡೆ ತಿರುಗಿ ಮಲಗಬೇಡ. ಚಕ್ರ ಎತ್ತುವ ಸೀನಿನಲ್ಲಿ ಬಲಮಂಡಿ ಊರಿ ಎಡಭುಜ ಕೊಡುತ್ತೀಯಲ್ಲ, ಅದು ಮೇಷ್ಟ್ರು ಹೇಳಿಕೊಟ್ಟದ್ದಲ್ಲ, ನೀನೇ ಕಂಡುಕೊಂಡದ್ದು. ಅದನ್ನು ಅವನಿಗೆ ಬೇರೆ ಯಾರೂ ಹೇಳಿಕೊಡಲಾರರು. ಕಾಲು ಅಲ್ಲಾಡಿಸುವುದು ಬೇಡ, ಬೆರಳಲ್ಲಿ ತೋರಿಸು. ಅತ್ತಿಗೆಗೆ ಹೇಳು, ಆ ಹುಡುಗ ಕಾಫಿ ಕುಡಿಯುವುದಿಲ್ಲ, ಮಜ್ಜಿಗೆ ಸಾಕು.

ಇನ್ನೊಂದು. ಡ್ರೆಸ್ ಅಂಗಡಿಯ ಬಾಡಿಗೆ ಕವಚ ಅವನಿಗೆ ಚೀಲದ ಹಾಗೆ ಜೋತು ಬೀಳುತ್ತದೆ. ನೀನು ಮಾಡಿಸಿಟ್ಟಿರುವ ಆ ಹಿತ್ತಾಳೆ ತಗಡಿನ ಕವಚ ಬೇಕು. ಇಂದ್ರನ ಹಾಗೆ ಬ್ರಾಹ್ಮಣನ ವೇಷ ಹಾಕಿಕೊಂಡು ಬರುವ ತಾಳ್ಮೆ ನನಗಿಲ್ಲ, ನೇರವಾಗಿಯೇ ಕೇಳುತ್ತಿದ್ದೇನೆ. ಹುಡುಗ ಸಣ್ಣಗಿದ್ದಾನೆ, ಬೆನ್ನ ಹಿಂದಿನ ಬೆಲ್ಟಿಗೆ ಇನ್ನೂ ಎರಡು ತೂತು ಹಾಕಬೇಕಾಗುತ್ತದೆ. ಹಾಕಿಸಲಾ? ಇಲ್ಲ, ಪಿನ್ನು ಚುಚ್ಚಿ ಅಡ್ಜಸ್ಟ್ ಮಾಡಲಾ? ನಿನ್ನ ಕವಚ, ನೀನೇ ಹೇಳು.

ಇಂತಿ,
ನಿನ್ನ ಶಲ್ಯ